ಸೊಳ್ಳೆ ಕಚ್ಚಿಯೂ ಜ್ವರ ಬಾರದವರ ರಕ್ತದಲ್ಲಿ ಲಸಿಕೆಯ ಗುರಿ ಹುಡುಕುವುದು ಹೇಗೆ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಕಾಲಿಫಾಬೂಗು ಊರಿನಲ್ಲಿ ಮಳೆ ಹಿಡಿಯುವ ಜುಲೈಯಿಂದ ಡಿಸೆಂಬರ್‌ವರೆಗೆ ಮಲೇರಿಯಾ ಕಾಲ. ಆಮೇಲೆ ಆರು ತಿಂಗಳು ಬಹುಮಟ್ಟಿಗೆ ಬಿಡುವು. 2011ರಲ್ಲಿ ಅಲ್ಲಿ ಶುರುವಾದ ಅಧ್ಯಯನದಲ್ಲಿ, ರಕ್ತದಲ್ಲಿ ಮಲೇರಿಯಾದ ಪರಾವಲಂಬಿ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಂಡವರನ್ನು ಆರಿಸಿ, ಮಲೇರಿಯಾ ಕಾಲದುದ್ದಕ್ಕೂ ಎರಡು ವಾರಕ್ಕೊಮ್ಮೆ ಅವರ ರಕ್ತವನ್ನು ಪಿಸಿಆರ್ (ಪರಾವಲಂಬಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿ ನೋಡಿದರು. ಸೋಂಕು ತಗಲುವ ಸಂಭವ ವಯಸ್ಸು ಏರಿದರೂ ಇಳಿಯಲಿಲ್ಲ. ಜ್ವರ ಬಂದು ಮಲಗುವ ಸಂಭವ ಮಾತ್ರ ಇಳಿಯುತ್ತಾ ಹೋಯಿತು. ಅದೇ ಪರಾವಲಂಬಿ ಹೊತ್ತ ತಮ್ಮ ಚಾಪೆ ಹಿಡಿದಿರುವಾಗ ಅಣ್ಣ ಆಡಿಕೊಂಡಿರುತ್ತಾನೆ.

ಆ ಅಣ್ಣನ ರಕ್ತದಲ್ಲಿ ಏನಿದೆ ಎಂಬುದಕ್ಕೆ ಅರ್ಧ ಉತ್ತರ 1961ರಲ್ಲೇ ಸಿಕ್ಕಿತ್ತು. ಗ್ಯಾಂಬಿಯಾದಲ್ಲಿ ಕೋಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್‌ಟನ್ ಅಲ್ಲಿನ ದೊಡ್ಡವರ ರಕ್ತದಿಂದ ಗಾಮಾ ಗ್ಲಾಬ್ಯುಲಿನ್ (ಪ್ರತಿಕಾಯಗಳಿರುವ ಭಾಗ) ಬೇರ್ಪಡಿಸಿ ಮಲೇರಿಯಾ ಹಿಡಿದ ಮಕ್ಕಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಪರಾವಲಂಬಿಯ ಎಣಿಕೆ ಕುಸಿಯಿತು. ಮಲೇರಿಯಾ ಕಾಣದ ಬ್ರಿಟನ್ನಿನವರ ಗ್ಲಾಬ್ಯುಲಿನ್ ಕೊಟ್ಟಾಗ ಏನೂ ಆಗಲಿಲ್ಲ. ಕೆಲಸ ಮಾಡುತ್ತಿರುವುದು ಪ್ರತಿಕಾಯ ಎಂಬುದು ಅಂದೇ ಗೊತ್ತಾಯಿತು. ಯಾವ ಪ್ರೋಟೀನಿಗೆ ಕಚ್ಚಿಕೊಳ್ಳುವ ಪ್ರತಿಕಾಯ ಎಂಬ ಉಳಿದರ್ಧವನ್ನು ಹುಡುಕುವ ಕೆಲಸದ ಕ್ರಮ ಇಲ್ಲಿದೆ. ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಸಮುದಾಯ ವೈದ್ಯಕೀಯ ಓದಿದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೇರೆ ಏನೂ ಹೇಳದಿದ್ದರೆ ಪರಾವಲಂಬಿ ಎಂದರೆ ಪ್ಲಾಸ್ಮೋಡಿಯಂ ಫಾಲ್ಸಿಪಾರಂ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಹೆಚ್ಚು ಕಚ್ಚಿಸಿಕೊಂಡವರ ಮೈಯಲ್ಲಿ ಪರಾವಲಂಬಿಯ ಹತ್ತಾರು ಪ್ರೋಟೀನುಗಳಿಗೂ ಪ್ರತಿಕಾಯ ಹೆಚ್ಚಿರುತ್ತದೆ. ಅವುಗಳಲ್ಲಿ ಕಾಪಾಡುವವು ಕೆಲವೇ. ಉಳಿದವು ‘ಇವನಿಗೆ ಸೊಳ್ಳೆ ಕಚ್ಚಿತ್ತು’ ಎಂಬುದಕ್ಕೆ ರಸೀದಿ ಅಷ್ಟೆ. ಕೆಳಗಿನ ಪ್ರತಿ ಹಂತದ ಉದ್ದೇಶವೂ ರಸೀದಿಯನ್ನು ರಕ್ಷಣೆಯಿಂದ ಬೇರ್ಪಡಿಸುವುದೇ.

ಮೊದಲು ಊರು, ಆಮೇಲೆ ಪ್ರಯೋಗಾಲಯ

ಅಧ್ಯಯನದ ಅರ್ಧ ಹಣೆಬರಹ ಊರು ಆರಿಸುವಾಗಲೇ ನಿರ್ಧಾರವಾಗಿರುತ್ತದೆ. ಮಲೇರಿಯಾ ಕಾಲಕ್ಕೆ ಸ್ಪಷ್ಟ ಆದಿ ಅಂತ್ಯ ಇರುವ ಜಾಗ ಒಳ್ಳೆಯದು. ಒಣಗಾಲದ ಕೊನೆಗೆ, ಅಂದರೆ ಮಾಲಿಯಲ್ಲಾದರೆ ಮೇ ತಿಂಗಳಲ್ಲಿ, ಎಲ್ಲರ ರಕ್ತ ತೆಗೆದಿಡಿ. ಆಮೇಲೆ ಮಲೇರಿಯಾ ಕಾಲ ಮುಗಿಯುವವರೆಗೆ ಯಾರಿಗೆ ಯಾವಾಗ ಜ್ವರ ಬಂತು ನೋಡಿ. ಪ್ರತಿಕಾಯ ಅಳೆಯಬೇಕಾದದ್ದು ಮೇ ತಿಂಗಳ ರಕ್ತದಲ್ಲೇ. ಜ್ವರ ಬಂದ ಮೇಲೆ ತೆಗೆದರೆ ಆ ಜ್ವರವೇ ಎಬ್ಬಿಸಿದ ಪ್ರತಿಕಾಯವನ್ನು ಅಳೆದು ಬೇಸ್ತು ಬೀಳುತ್ತೀರಿ. ಇನ್ನೊಂದು ಲಾಭವೂ ಇದೆ. ಚಿಕ್ಕ ಮಕ್ಕಳಲ್ಲಿ ಬಹಳಷ್ಟು ಪ್ರತಿಕಾಯಗಳು ಕೆಲವು ತಿಂಗಳಲ್ಲೇ ಕರಗಿಹೋಗುತ್ತವೆ. ಆರು ತಿಂಗಳ ಒಣಗಾಲ ದಾಟಿಯೂ ಉಳಿದದ್ದು ಮುಂದಿನ ಮಳೆಗೆ ಉಪಯೋಗಕ್ಕೆ ಬರುವಂಥದ್ದು.

ವಯಸ್ಸಿನ ಪಟ್ಟಿ ಕಿರಿದಾಗಿರಲಿ. ಮಾಲಿಯಲ್ಲಿ ಎರಡು ವರ್ಷದ ಮಕ್ಕಳಿಗೆ ಬಹುತೇಕ ಜ್ವರ ಬಂದೇ ಬರುತ್ತದೆ, ಇಪ್ಪತ್ತೈದರವರಿಗೆ ಬರುವುದು ಅಪರೂಪ. ಈ ಎರಡೂ ಗುಂಪುಗಳಲ್ಲಿ ಹೋಲಿಸಲು ಏನೂ ಸಿಗದು. ಎಂಟರಿಂದ ಹತ್ತು ವರ್ಷದವರಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಮಾಹಿತಿ ಇರುವುದು ಅಲ್ಲಿ. ಟಾಂಜಾನಿಯಾದ ಮುಹೇಜಾದಂಥ, ವರ್ಷವಿಡೀ ಸೊಳ್ಳೆ ಕಾಟವಿರುವ ಕಡೆ ಈ ಕವಲು ಎರಡು ವರ್ಷಕ್ಕೇ ಕಾಣಿಸುತ್ತದೆ. ಆರು ತಿಂಗಳೊಳಗಿನ ಕೂಸುಗಳನ್ನು ಬೇರೆಯೇ ಇಡಿ. ಅವುಗಳ ಮೈಯಲ್ಲಿರುವುದು ತಾಯಿಯ ಪ್ರತಿಕಾಯ. ಜೊತೆಗೆ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಕೂಡ ಪರಾವಲಂಬಿಗೆ ಅಡ್ಡಗಾಲು ಹಾಕುತ್ತದೆ.

ಸೇರಿಸಿಕೊಳ್ಳುವ ದಿನವೇ ಪ್ರತಿಯೊಬ್ಬರ ಹಿಮೋಗ್ಲೋಬಿನ್ ಬಗೆ ಪರೀಕ್ಷಿಸಿ. ಸಿಕಲ್ ಸೆಲ್ ವಂಶವಾಹಿಯನ್ನು ತಂದೆ ಅಥವಾ ತಾಯಿ ಒಬ್ಬರಿಂದಷ್ಟೇ ಪಡೆದ ಮಕ್ಕಳಿಗೆ ತೀವ್ರ ಮಲೇರಿಯಾದಿಂದ ದೊಡ್ಡ ರಕ್ಷಣೆ ಇರುತ್ತದೆ. ಆಲಿಸನ್ ಇದನ್ನು 1954ರಲ್ಲಿ ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ಪಶ್ಚಿಮ ಆಫ್ರಿಕಾದಲ್ಲಿ ಹಿಮೋಗ್ಲೋಬಿನ್ ಸಿ ಕೂಡ ಸೇರಿಕೊಳ್ಳುತ್ತದೆ. ಇವರನ್ನು ಗುರುತಿಸದೆ ಬಿಟ್ಟರೆ ಹುಟ್ಟಿನಿಂದ ಬಂದ ರಕ್ಷಣೆಯ ಶ್ರೇಯ ಯಾವುದೋ ಪ್ರತಿಕಾಯಕ್ಕೆ ಹೋಗುತ್ತದೆ. ಸೊಳ್ಳೆಪರದೆ ಇದೆಯೇ ಎಂದು ಕೇಳಿ ಟಿಕ್ ಹಾಕುವುದು ಸಾಲದು. ಕಳೆದ ರಾತ್ರಿ ಅದರೊಳಗೆ ಮಲಗಿದ್ದರೇ ಎಂದು ಕೇಳಿ. ಮನೆ ಎಲ್ಲಿದೆ ಎಂಬುದನ್ನು ಜಿಪಿಎಸ್‌ನಲ್ಲಿ ಗುರುತಿಸಿ. ನೀರು ನಿಲ್ಲುವ ಜಾಗದ ಪಕ್ಕದ ಮನೆಗೂ ಊರ ನಡುವಿನ ಮನೆಗೂ ಕಚ್ಚುವ ಸೊಳ್ಳೆಗಳ ಲೆಕ್ಕ ಬೇರೆ.

ಈಗಿನ ಅಧ್ಯಯನಗಳಲ್ಲಿ ಬಹಳ ಜನ ಎಡವುವುದು ಔಷಧಿಯಲ್ಲಿ. 2012ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ಸಹೇಲ್ ಪ್ರದೇಶದ ಚಿಕ್ಕ ಮಕ್ಕಳಿಗೆ ಮಲೇರಿಯಾ ಕಾಲದಲ್ಲಿ ತಿಂಗಳಿಗೊಮ್ಮೆ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಜೊತೆ ಅಮೋಡಯಾಕ್ವಿನ್ ಕೊಡುತ್ತಾರೆ. ‘ಈ ಮಗುವಿಗೆ ನಾಲ್ಕು ತಿಂಗಳು ಜ್ವರವೇ ಬರಲಿಲ್ಲ’ ಎಂದು ಬರೆಯುವ ಮುಂಚೆ ಮಾತ್ರೆಯ ಕಾರ್ಡು ನೋಡಿ.

ಜ್ವರ ಎಂದರೆ ಎಷ್ಟು ಜ್ವರ

ಈ ಪ್ರದೇಶಗಳಲ್ಲಿ ಆರೋಗ್ಯವಾಗಿರುವವರ ರಕ್ತದಲ್ಲೂ ಪರಾವಲಂಬಿ ಸಿಗುತ್ತದೆ. ಹಾಗಾಗಿ ಜ್ವರವೂ ಪರಾವಲಂಬಿಯೂ ಒಟ್ಟಿಗೆ ಕಂಡ ಮಾತ್ರಕ್ಕೆ ಅದು ಮಲೇರಿಯಾ ಜ್ವರವಾಗಬೇಕಿಲ್ಲ, ನೆಗಡಿಯ ಜ್ವರವೂ ಇರಬಹುದು. ಮಾಲಿಯ ಅಧ್ಯಯನಗಳು ಇಟ್ಟುಕೊಂಡ ಅಳತೆ ಹೀಗೆ: ಕಂಕುಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಕನಿಷ್ಠ 2,500 ಪರಾವಲಂಬಿ, ಮತ್ತು ಜ್ವರಕ್ಕೆ ಬೇರೆ ಕಾರಣ ಕಾಣದಿರುವುದು. ಆರ್‌ಟಿಎಸ್,ಎಸ್ ಎಂಬ ಮಲೇರಿಯಾ ಲಸಿಕೆಯ ದೊಡ್ಡ ಪ್ರಯೋಗದಲ್ಲಿ ಗಡಿ 5,000ಕ್ಕಿಂತ ಮೇಲಿತ್ತು. ಗಡಿ ಯಾವುದೇ ಇರಲಿ, ಫಲಿತಾಂಶ ನೋಡುವ ಮುಂಚೆ ಬರೆದಿಡಿ. ನೋಡಿದ ಮೇಲೆ ಸರಿಸಬೇಡಿ.

ಎಣಿಕೆ ಸರಿಯಿಲ್ಲದಿದ್ದರೆ ಗಡಿಗೆ ಅರ್ಥವಿಲ್ಲ. ದಪ್ಪ ರಕ್ತಲೇಪನಕ್ಕೆ ಸುಮಾರು 6 ಮೈಕ್ರೋಲೀಟರ್ ರಕ್ತವನ್ನು 12 ಮಿ.ಮೀ. ಅಗಲದ ವೃತ್ತವಾಗಿ ಹರಡಿ, ಪೂರ್ತಿ ಒಣಗಿಸಿ. ದಪ್ಪ ಲೇಪನಕ್ಕೆ ಮೆಥನಾಲ್ ತಾಗಬಾರದು. ತಾಗಿದರೆ ಕೆಂಪುಕಣ ಒಡೆಯದೆ ಲೇಪನ ಮಬ್ಬಾಗಿ ಉಳಿಯುತ್ತದೆ. ತೆಳು ಲೇಪನಕ್ಕೆ ಮಾತ್ರ ಮೆಥನಾಲ್. ಜೀಮ್ಸಾ ಬಣ್ಣ ಶೇ. 3ರದ್ದಾದರೆ 30ರಿಂದ 45 ನಿಮಿಷ, ಶೇ. 10ರದ್ದಾದರೆ 10ರಿಂದ 15 ನಿಮಿಷ. ಬಫರಿನ ಪಿಎಚ್ 7.2. ಪಿಎಚ್ ಕೆಳಗಿಳಿದರೆ ಬಣ್ಣ ಕೆಂಪಿಗೆ ತಿರುಗಿ ಪರಾವಲಂಬಿಯ ನೀಲಿ ದ್ರವ್ಯ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಬಿಳಿಕಣಗಳ ಜೊತೆಜೊತೆಗೆ ಪರಾವಲಂಬಿಗಳನ್ನು ಎಣಿಸಿ. 200 ಬಿಳಿಕಣ ಆಗುವಷ್ಟರಲ್ಲಿ 100 ಪರಾವಲಂಬಿ ಸಿಕ್ಕರೆ ಅಲ್ಲಿಗೆ ನಿಲ್ಲಿಸಬಹುದು, ಸಿಗದಿದ್ದರೆ 500 ಬಿಳಿಕಣದವರೆಗೆ ಮುಂದುವರಿಸಿ. ಒಂದು ಮೈಕ್ರೋಲೀಟರಿಗೆ 8,000 ಬಿಳಿಕಣ ಎಂದು ಹಿಡಿದರೆ, 200 ಬಿಳಿಕಣಕ್ಕೆ 140 ಪರಾವಲಂಬಿ ಸಿಕ್ಕ ಲೇಪನದ ಲೆಕ್ಕ 140 × 8,000 ÷ 200 = 5,600. ಪ್ರತಿ ಲೇಪನವನ್ನೂ ಇಬ್ಬರು ಬೇರೆ ಬೇರೆ ಎಣಿಸಲಿ. ಶೇ. 25ಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರಿಗೆ ಕೊಡಿ.

ಸೂಕ್ಷ್ಮದರ್ಶಕದ ಕಣ್ಣು ಮೈಕ್ರೋಲೀಟರಿಗೆ 50ಕ್ಕಿಂತ ಕೆಳಗೆ ಸೋಲುತ್ತದೆ. ಅಲ್ಲಿಗೆ ಪಿಸಿಆರ್ ಬೇಕು. ಎರಡು ವಾರಕ್ಕೊಮ್ಮೆ ಬೆರಳ ತುದಿಯಿಂದ ಎರಡು ಹನಿ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿಟ್ಟರೆ ಸಾಕು. ಇದನ್ನು ಉಳಿತಾಯದ ಹೆಸರಿನಲ್ಲಿ ಕೈಬಿಡಬೇಡಿ. ಜ್ವರ ಬಾರದ ಮಗುವಿಗೆ ನಿಜಕ್ಕೂ ಸೋಂಕು ತಗಲಿತ್ತು, ಆದರೂ ಜ್ವರ ಬರಲಿಲ್ಲ ಎಂದು ಹೇಳಲು ಇರುವ ಸಾಕ್ಷಿ ಈ ಕಾಗದವೊಂದೇ. ಅದಿಲ್ಲದಿದ್ದರೆ ಸೊಳ್ಳೆ ಕಚ್ಚದ ಅದೃಷ್ಟವಂತನೂ ಕಚ್ಚಿಸಿಕೊಂಡು ಜೀರ್ಣಿಸಿಕೊಂಡವನೂ ಒಂದೇ ಸಾಲಿನಲ್ಲಿ ಕೂರುತ್ತಾರೆ.

ರಕ್ತ ತೆಗೆದ ಮೇಲೆ

ಮಗುವಿನ ಮೈಯಲ್ಲಿ ಕೆ.ಜಿ.ಗೆ ಸುಮಾರು 80 ಮಿ.ಲೀ. ರಕ್ತ. ಒಂದು ಸಲಕ್ಕೆ ಅದರ ಶೇ. 1, ನಾಲ್ಕು ವಾರದಲ್ಲಿ ಒಟ್ಟು ಶೇ. 3 ದಾಟಬಾರದು ಎಂಬುದು ರೂಢಿಯ ಕಟ್ಟಳೆ. ಹತ್ತು ಕೆ.ಜಿ. ಮಗುವಿನಿಂದ ಒಮ್ಮೆಗೆ ಎಂಟು ಮಿ.ಲೀ.ಗಿಂತ ಹೆಚ್ಚು ಸಿಗುವುದಿಲ್ಲ, ರಕ್ತಹೀನತೆ ಇದ್ದರೆ ಅದಕ್ಕೂ ಕಡಿಮೆ. ಈ ಎಂಟು ಮಿ.ಲೀ.ನಲ್ಲಿ ಎಲ್ಲ ಪರೀಕ್ಷೆಯೂ ಆಗಬೇಕೆಂದು ಮೊದಲ ದಿನವೇ ಪಾಲು ಹಾಕಿಕೊಳ್ಳಿ.

ಹೆಪ್ಪುಗಟ್ಟದಂತೆ ಏನು ಹಾಕುತ್ತೀರಿ ಎಂಬುದು ಮುಂದಿನ ಪರೀಕ್ಷೆಯನ್ನು ಕಟ್ಟಿಹಾಕುತ್ತದೆ. ಹೆಪಾರಿನ್ ಪಿಸಿಆರನ್ನು ಹಾಳುಮಾಡುತ್ತದೆ. ಇಡಿಟಿಎ ಮತ್ತು ಸಿಟ್ರೇಟ್ ಕ್ಯಾಲ್ಸಿಯಂ ಹೀರಿಕೊಳ್ಳುವುದರಿಂದ ಆ ಪ್ಲಾಸ್ಮಾವನ್ನು (ಕಣಗಳನ್ನು ತೆಗೆದ ರಕ್ತದ್ರವ) ನೇರವಾಗಿ ಪರಾವಲಂಬಿ ಕೃಷಿಗೆ, ಅಂದರೆ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವ ದ್ರವಕ್ಕೆ, ಸುರಿದರೆ ಪ್ರತಿಕಾಯವಿಲ್ಲದೆಯೂ ಬೆಳವಣಿಗೆ ಕುಂಠಿತವಾಗುತ್ತದೆ. ಬಿಳಿಕಣ ಬೇಕಿದ್ದರೆ ರಕ್ತವನ್ನು ಸಮಪಾಲು ಬಫರಿನಲ್ಲಿ ತೆಳುಮಾಡಿ, 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ನಿಧಾನವಾಗಿ ಇಳಿಬಿಟ್ಟು, 400 ಜಿ ವೇಗದಲ್ಲಿ 30 ನಿಮಿಷ ತಿರುಗಿಸಿ. ಸೆಂಟ್ರಿಫ್ಯೂಜಿನ ಬ್ರೇಕ್ ಆಫ್ ಇರಲಿ. ಬ್ರೇಕ್ ಹಾಕಿದರೆ ಹಾಲಿನ ಕೆನೆಯಂತೆ ನಡುವೆ ನಿಂತ ಬಿಳಿಪದರ ಕಲಕಿಹೋಗುತ್ತದೆ. ತೆಗೆದ ಕಣಗಳನ್ನು ಶೇ. 10 ಡಿಎಂಎಸ್‌ಓ ಬೆರೆತ ಸೀರಮ್‌ನಲ್ಲಿ ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ಮರುದಿನ ದ್ರವ ಸಾರಜನಕಕ್ಕೆ ವರ್ಗಾಯಿಸಿ. ಸಂಜೆ ವಿದ್ಯುತ್ ಹೋಗುವ ಊರಿನಲ್ಲಿ ಸಾರಜನಕದ ಡಬ್ಬಿಯೇ ಫ್ರೀಜರ್‌ಗಿಂತ ನಂಬಿಕಸ್ಥ.

ಪ್ಲಾಸ್ಮಾವನ್ನು ಒಂದೇ ದೊಡ್ಡ ಕೊಳವೆಯಲ್ಲಿ ಇಡಬೇಡಿ. 100 ಮತ್ತು 500 ಮೈಕ್ರೋಲೀಟರಿನ ಸಣ್ಣ ಪಾಲುಗಳಾಗಿ ಮೈನಸ್ 80ರಲ್ಲಿಡಿ. ಕರಗಿಸಿ ಮತ್ತೆ ಗಟ್ಟಿ ಮಾಡುವುದು ಹೆಚ್ಚಿದಷ್ಟೂ ಪ್ರತಿಕಾಯ ಕೆಡುತ್ತದೆ, ಅದೂ ಎಲ್ಲ ಮಾದರಿಯಲ್ಲೂ ಒಂದೇ ಸಮ ಕೆಡುವುದಿಲ್ಲ.

ಐದು ಸಾವಿರ ಪ್ರೋಟೀನಿನಲ್ಲಿ ಯಾವುದು

2002ರಲ್ಲಿ ಪ್ರಕಟವಾದ ಫಾಲ್ಸಿಪಾರಂ ಜೀನೋಮಿನಲ್ಲಿ 14 ವರ್ಣತಂತು, ಐದು ಸಾವಿರಕ್ಕೂ ಮಿಕ್ಕಿ ವಂಶವಾಹಿ. ಹುಡುಕುವ ದಾರಿ ಎರಡು.

ಮೊದಲನೆಯದು ಪ್ರೋಟೀನ್ ಚಿಪ್. ಗಾಜಿನ ಪಟ್ಟಿಯ ಮೇಲೆ ಸಾವಿರಾರು ಪ್ರೋಟೀನುಗಳನ್ನು ಚುಕ್ಕಿಯಿಟ್ಟು ಮೇಲೆ ಪ್ಲಾಸ್ಮಾ ಹಾಯಿಸುವುದು. 2010ರಲ್ಲಿ ಮಾಲಿಯ 220 ಜನರ ಪ್ಲಾಸ್ಮಾವನ್ನು ಹೀಗೆ ಪರಾವಲಂಬಿಯ ಒಟ್ಟು ಪ್ರೋಟೀನುಗಳ ಶೇ. 23ರಷ್ಟರ ಮೇಲೆ ಪರೀಕ್ಷಿಸಿದಾಗ, ಜ್ವರ ಬಾರದ 8ರಿಂದ 10 ವರ್ಷದ ಮಕ್ಕಳಲ್ಲಿ 49 ಪ್ರೋಟೀನುಗಳಿಗೆ ಪ್ರತಿಕಾಯ ಹೆಚ್ಚಿತ್ತು. ಚಿಪ್ಪಿನ ದೌರ್ಬಲ್ಯ ಪ್ರೋಟೀನಿನ ಮಡಿಕೆಯಲ್ಲಿದೆ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸತ್ವದಲ್ಲಿ ತಯಾರಾದ ಪ್ರೋಟೀನುಗಳಲ್ಲಿ ಗಂಧಕದ ಸೇತುವೆಗಳು ಸರಿಯಾಗಿ ಕೂರುವುದಿಲ್ಲ, ಪರಾವಲಂಬಿಯ ಹೊರಮೈ ಪ್ರೋಟೀನುಗಳಿಗೆ ಬೇಕಾದದ್ದೇ ಅವು. ಗಂಟು ಬಿಚ್ಚಿದ ಹಗ್ಗಕ್ಕೆ ಗಂಟನ್ನು ಹುಡುಕುವ ಪ್ರತಿಕಾಯ ಅಂಟುವುದಿಲ್ಲ. ಜಪಾನಿನ ಎಹಿಮೆ ವಿಶ್ವವಿದ್ಯಾಲಯದವರು ಗೋಧಿ ಮೊಳಕೆಯ ಸತ್ವ ಬಳಸಿದ್ದು, ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರು ಮಾನವ ಮೂಲದ ಕೋಶಗಳಲ್ಲಿ ಪ್ರೋಟೀನ್ ತಯಾರಿಸಿದ್ದು ಈ ಕಾರಣಕ್ಕೇ. ಇ. ಕೋಲೈ ಬಳಸಲೇಬೇಕಾದರೆ ಖಾಲಿ ಸತ್ವದ ಚುಕ್ಕಿಗಳನ್ನೂ ಇಡಿ. ಎಲ್ಲರ ಕರುಳಲ್ಲೂ ಇ. ಕೋಲೈ ಇದೆ, ಎಲ್ಲರಲ್ಲೂ ಅದಕ್ಕೆ ಪ್ರತಿಕಾಯ ಇದೆ.

ಎರಡನೆಯ ದಾರಿ ಮುಹೇಜಾದ್ದು, ಹೆಚ್ಚು ಚುರುಕಾದದ್ದು. ಪರಾವಲಂಬಿಯ ವಂಶವಾಹಿ ತುಣುಕುಗಳನ್ನು ಬ್ಯಾಕ್ಟೀರಿಯಾಕ್ಕೆ ತಗಲುವ ಫೇಜ್ ವೈರಸ್ಸುಗಳಲ್ಲಿ ಸೇರಿಸಿದರೆ ಒಂದೊಂದು ಫೇಜ್ ಒಂದೊಂದು ತುಣುಕನ್ನು ಮೈಮೇಲೆ ಹೊತ್ತು ನಿಲ್ಲುತ್ತದೆ. ಆ ರಾಶಿಯನ್ನು ಮೊದಲು ಮಲೇರಿಯಾ ತಾಳಿಕೊಂಡ ಎರಡು ವರ್ಷದ ಮಕ್ಕಳ ಪ್ಲಾಸ್ಮಾದಿಂದ ಆರಿಸಿ, ಅವುಗಳಲ್ಲಿ ಅದೇ ವಯಸ್ಸಿನ, ಅದೇ ಊರಿನ, ಮತ್ತೆ ಮತ್ತೆ ಕಾಯಿಲೆ ಬಿದ್ದ ಮಕ್ಕಳ ಪ್ಲಾಸ್ಮಾಕ್ಕೂ ಅಂಟುವವನ್ನು ಎಸೆಯುವುದು. ಮೊರ ಆಡಿಸಿ ಜೊಳ್ಳು ತೂರಿದ ಹಾಗೆ. ಉಳಿದದ್ದು ಬೆರಳೆಣಿಕೆಯಷ್ಟು. ಅದರಲ್ಲೊಂದು 2014ರಲ್ಲಿ ಪ್ರಕಟವಾದ ಪಿಎಫ್‌ಸೀ-1. ಅದರ ವಿರುದ್ಧದ ಪ್ರತಿಕಾಯ, ಪರಾವಲಂಬಿ ಕೆಂಪುಕಣ ಒಡೆದು ಹೊರಬರುವ ಗಳಿಗೆಯಲ್ಲಿ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಆ ಪ್ರತಿಕಾಯ ಇದ್ದ ಅವಧಿಯಲ್ಲಿ ಆ ಮಕ್ಕಳಲ್ಲಿ ತೀವ್ರ ಮಲೇರಿಯಾ ಕಂಡುಬರಲಿಲ್ಲ. 2020ರಲ್ಲಿ ಇದೇ ತಂತ್ರದಿಂದ ಸಿಕ್ಕ ಪಿಎಫ್‌ಗಾರ್ಪ್ ಇನ್ನೂ ವಿಚಿತ್ರ. ಸೋಂಕಿತ ಕೆಂಪುಕಣದ ಹೊರಮೈಯಲ್ಲಿರುವ ಇದಕ್ಕೆ ಪ್ರತಿಕಾಯ ಅಂಟಿದರೆ ಒಳಗಿನ ಪರಾವಲಂಬಿ ತಾನಾಗಿಯೇ ಸಾಯುತ್ತದೆ.

ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಸಾವಿರ ಪ್ರೋಟೀನು ಪರೀಕ್ಷಿಸಿ ಪಿ ಮೌಲ್ಯ (ಬರೀ ಕಾಕತಾಳೀಯವಾಗಿ ಇಂಥ ಫಲಿತಾಂಶ ಬರುವ ಸಂಭವ) 0.05ಕ್ಕಿಂತ ಕಡಿಮೆ ಇದ್ದದ್ದನ್ನೆಲ್ಲ ಆರಿಸಿದರೆ, ಯಾವುದೂ ಕೆಲಸ ಮಾಡದಿದ್ದರೂ 50 ‘ಗೆದ್ದಿರುತ್ತವೆ’. ಬಹುಪರೀಕ್ಷೆಯ ತಿದ್ದುಪಡಿ ಮಾಡದ ಪಟ್ಟಿಯನ್ನು ಯಾರಿಗೂ ತೋರಿಸಬೇಡಿ. ತಿದ್ದುಪಡಿ ದಾಟಿದವನ್ನೂ ಇನ್ನೊಂದು ಊರಿನ, ಇನ್ನೊಂದು ವರ್ಷದ ಮಾದರಿಗಳಲ್ಲಿ ಎಲೈಜಾ (ಪ್ರತಿಕಾಯವನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಮಾಡಿ ನೋಡಿ.

ಎಲೈಜಾ ತಟ್ಟೆಯ ಪ್ರತಿ ಗುಳಿಯಲ್ಲೂ ಸುಮಾರು 0.1 ಮೈಕ್ರೋಗ್ರಾಂ ಪ್ರೋಟೀನ್ 100 ಮೈಕ್ರೋಲೀಟರಿನಲ್ಲಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ. ಬೆಳಿಗ್ಗೆ ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಿಂದ ಖಾಲಿ ಜಾಗ ಮುಚ್ಚಿ. ಪ್ಲಾಸ್ಮಾವನ್ನು 1:1,000ದಿಂದ ಶುರುಮಾಡಿ. ಪ್ರತಿ ತಟ್ಟೆಯಲ್ಲೂ ಮಲೇರಿಯಾ ಪ್ರದೇಶದ ವಯಸ್ಕರ ಮಿಶ್ರ ಸೀರಮ್‌ನ ಇಳಿಕೆ ಸಾಲು ಇರಬೇಕು. ಇಂದಿನ ತಟ್ಟೆಯನ್ನು ನಾಳೆಯದಕ್ಕೆ ಹೋಲಿಸಲು ಅದೇ ಆಧಾರ. ಮಲೇರಿಯಾ ಕಾಣದವರ ಕನಿಷ್ಠ ಇಪ್ಪತ್ತು ಮಾದರಿ ಇಟ್ಟು, ಅವುಗಳ ಸರಾಸರಿಗೆ ಮೂರು ಪಟ್ಟು ಪ್ರಮಾಣ ವಿಚಲನೆ ಕೂಡಿಸಿ ಗಡಿ ಹಾಕಿ. ಜೋಡಿ ಗುಳಿಗಳ ನಡುವೆ ಶೇ. 20ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮತ್ತೆ ಮಾಡಿ. ತಟ್ಟೆಯ ಅಂಚಿನ ಗುಳಿಗಳು ಬೇಗ ಆರುತ್ತವೆ, ಅಲ್ಲಿ ಮಾದರಿ ಹಾಕದಿರುವುದು ಜಾಣತನ. ಜ್ವರ ಬಂದವರ ಮಾದರಿ ಒಂದು ತಟ್ಟೆಗೆ, ಬಾರದವರದು ಇನ್ನೊಂದಕ್ಕೆ ಹಾಕಿದರೆ ಕಾಣುವುದು ತಟ್ಟೆಗಳ ವ್ಯತ್ಯಾಸ. ಬೆರೆಸಿ ಹಾಕಿ, ಹಾಕುವವರಿಗೆ ಯಾವುದು ಯಾರದೆಂದು ಗೊತ್ತಿರಬಾರದು.

ವಿಶ್ಲೇಷಣೆಯಲ್ಲಿ ಕೇಳಬೇಕಾದ ಪ್ರಶ್ನೆ ‘ಮೊದಲ ಜ್ವರಕ್ಕೆ ಎಷ್ಟು ದಿನ ಹಿಡಿಯಿತು’. ಕಾಕ್ಸ್ ಎಂಬ ಸಂಖ್ಯಾಶಾಸ್ತ್ರದ ಮಾದರಿಯಲ್ಲಿ ವಯಸ್ಸು, ಹಿಮೋಗ್ಲೋಬಿನ್ ಬಗೆ, ಪರದೆ, ಮನೆಯ ಜಾಗ ಎಲ್ಲ ಸೇರಲಿ. ಮೇ ತಿಂಗಳಲ್ಲೇ ಪರಾವಲಂಬಿ ಹೊತ್ತಿದ್ದವರನ್ನು ಬೇರೆಯಾಗಿ ನೋಡಿ, ಅವರ ಪ್ರತಿಕಾಯ ಆ ಸೋಂಕಿನಿಂದಲೇ ಏರಿರುತ್ತದೆ. ಕೊನೆಗೆ, ಪಿಸಿಆರ್‌ನಲ್ಲಿ ಸೋಂಕು ಖಚಿತವಾದವರನ್ನಷ್ಟೇ ಇಟ್ಟುಕೊಂಡು ಲೆಕ್ಕ ಮತ್ತೆ ಮಾಡಿ. ಮೊದಲು ಮಿಂಚಿದ ಎಷ್ಟೋ ಪ್ರೋಟೀನುಗಳು ಈ ಕೊನೆಯ ಲೆಕ್ಕದಲ್ಲಿ ಮಕಾಡೆ ಮಲಗುತ್ತವೆ. ರಸೀದಿಗಳು ಉದುರುವ ಜಾಗ ಇದು.

ಬೆಳವಣಿಗೆ ತಡೆ ಪರೀಕ್ಷೆ, ಅದರ ಮಿತಿ

ಅಂಟುವುದು ಬೇರೆ, ತಡೆಯುವುದು ಬೇರೆ. ಪರಾವಲಂಬಿಯನ್ನು ಕೆಂಪುಕಣದಲ್ಲಿ ಸತತವಾಗಿ ಬೆಳೆಸುವ ವಿಧಾನ 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಅವರಿಂದ ಬಂತು. ಡಬ್ಬಿಯೊಳಗೆ ಮೇಣದಬತ್ತಿ ಹಚ್ಚಿ ಮುಚ್ಚಿದರೆ ಅದು ಆರುವಷ್ಟರಲ್ಲಿ ಆಮ್ಲಜನಕ ಬೇಕಾದಷ್ಟು ಇಳಿದಿರುತ್ತದೆ. ಈ ಉಪಾಯ ಈಗಲೂ ನಡೆಯುತ್ತದೆ.

ಪರೀಕ್ಷೆಗೆ ಪ್ಲಾಸ್ಮಾ ಬೇಡ, ಅದರಿಂದ ಪ್ರೋಟೀನ್ ಜಿ ಕಂಬದಲ್ಲಿ ಶುದ್ಧಮಾಡಿದ ಐಜಿಜಿ ಎಂಬ ಬಗೆಯ ಪ್ರತಿಕಾಯ ಬೇಕು. ಮಲೇರಿಯಾ ಮಾತ್ರೆ ತಿಂದ ಮಗುವಿನ ಪ್ಲಾಸ್ಮಾದಲ್ಲಿ ಉಳಿದ ಔಷಧಿ ಪರಾವಲಂಬಿಯನ್ನು ಕೊಂದು ನಿಮಗೆ ಸುಳ್ಳು ಸಂತೋಷ ಕೊಡುತ್ತದೆ. ಆಮೇಲೆ ಕೃಷಿಗೆ ಬಳಸುವ ಕೆಂಪುಕಣಗಳೊಡನೆಯೇ ಆ ಐಜಿಜಿಯನ್ನು ಒಂದು ಸುತ್ತು ಬೆರೆಸಿ ತೆಗೆಯಿರಿ. ಕೆಂಪುಕಣಕ್ಕೇ ಅಂಟುವ ಪ್ರತಿಕಾಯ ಅಲ್ಲೇ ಕಳೆಯುತ್ತದೆ. ಸೋಂಕಿತ ಕಣ ಶೇ. 0.3 ಆಸುಪಾಸು, ಒಟ್ಟು ಕೆಂಪುಕಣ ಶೇ. 1, ಒಂದೊಂದು ಗುಳಿಯಲ್ಲಿ 40 ಮೈಕ್ರೋಲೀಟರ್, ಸುಮಾರು 40 ಗಂಟೆ. ಬೆಳವಣಿಗೆಯನ್ನು ಪರಾವಲಂಬಿಯ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವದ ಬಣ್ಣದಿಂದ ಅಳೆಯುತ್ತಾರೆ. ಐಜಿಜಿ 10 ಮಿ.ಗ್ರಾಂ ಪ್ರತಿ ಮಿ.ಲೀ. ಸಾಂದ್ರತೆಯಲ್ಲಿ, ಅಂದರೆ ರಕ್ತದಲ್ಲಿ ಇರುವಷ್ಟೇ, ಬೇಕಾದರೆ ಒಂದು ಗುಳಿಯಲ್ಲಿ 0.4 ಮಿ.ಗ್ರಾಂ, ಮೂರು ಗುಳಿಗಳಲ್ಲಿ 1.2. ಶುದ್ಧೀಕರಣದಲ್ಲಿ ಒಂದಷ್ಟು ಸೋರಿಹೋಗುವುದರಿಂದ ಮಗುವಿನ ಒಂದು ಮಿ.ಲೀ. ಪ್ಲಾಸ್ಮಾ ಕೆಲವೇ ಪರೀಕ್ಷೆಗೆ ಮುಗಿಯುತ್ತದೆ. ಮೊದಲೇ ಪಾಲು ಹಾಕಿ ಎಂದದ್ದು ಇದಕ್ಕೆ.

ಈ ಪರೀಕ್ಷೆಯಲ್ಲಿ ಸೋತದ್ದೆಲ್ಲ ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಡಿ. ಆಫ್ರಿಕಾದ ವಯಸ್ಕರ ಐಜಿಜಿ ಥಾಯ್ಲೆಂಡಿನ ರೋಗಿಗಳ ಪರಾವಲಂಬಿಯನ್ನು ಇಳಿಸಿದ್ದು 1991ರಲ್ಲಿ ವರದಿಯಾಯಿತು. ಅದೇ ಐಜಿಜಿ ಕೃಷಿಯಲ್ಲಿ ಒಂಟಿಯಾಗಿ ಏನೂ ಮಾಡಲಿಲ್ಲ, ಮಾನೊಸೈಟ್ ಎಂಬ ಬಿಳಿಕಣ ಜೊತೆಗಿದ್ದಾಗ ಮಾತ್ರ ಕೆಲಸ ಮಾಡಿತು. ಹಾಗಾಗಿ ಬಿಳಿಕಣ ಸೇರಿಸಿದ ಪರೀಕ್ಷೆಯನ್ನೂ ಇಟ್ಟುಕೊಳ್ಳಿ.

ತಳಿ ಬದಲಾದರೆ

ಪ್ರಯೋಗಾಲಯಗಳಲ್ಲಿ ಎಲ್ಲರೂ ಬೆಳೆಸುವ 3ಡಿ7 ಎಂಬ ತಳಿ ಬಂದದ್ದು ಎನ್‌ಎಫ್54ರಿಂದ. ಅದು ದೇಶ ಬಿಟ್ಟು ಹೋಗದ, ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಬಳಿ ವಾಸವಿದ್ದ ರೋಗಿಯ ರಕ್ತದಲ್ಲಿ ಸಿಕ್ಕದ್ದು. ಆ ಒಂದು ತಳಿಯ ಪ್ರೋಟೀನಿನಿಂದ ಮಾಡಿದ ಲಸಿಕೆ ಮಾಲಿಯ ಮಳೆಗಾಲವನ್ನು ಎದುರಿಸಬೇಕು. ಎಎಂಎ-1 ಎಂಬ ಪರಾವಲಂಬಿ ಪ್ರೋಟೀನಿನ ಲಸಿಕೆಯ ಪ್ರಯೋಗ ಮಾಲಿಯ ಬಾಂಡಿಯಾಗರಾದಲ್ಲಿ ನಡೆದಾಗ ಆದದ್ದು ಇದೇ. ಒಟ್ಟಾರೆ ರಕ್ಷಣೆ ಶೇ. 17, ಅದೂ ಅಂಕಿ-ಅಂಶದ ಪ್ರಕಾರ ನೆಚ್ಚುವಂತಿರಲಿಲ್ಲ. ಲಸಿಕೆಯ ತಳಿಯನ್ನೇ ಹೋಲುವ ಪರಾವಲಂಬಿಯ ವಿರುದ್ಧ ಮಾತ್ರ ಶೇ. 64. ಪಾಪುವಾ ನ್ಯೂಗಿನಿಯಲ್ಲಿ ಎಂಎಸ್‌ಪಿ-2 ಎಂಬ ಇನ್ನೊಂದು ಪ್ರೋಟೀನ್ ಸೇರಿದ್ದ ಲಸಿಕೆ ತನ್ನ ಬಗೆಯ ಪರಾವಲಂಬಿಯನ್ನು ಅದುಮಿದಾಗ ಇನ್ನೊಂದು ಬಗೆ ಜಾಗ ಹಿಡಿಯಿತು.

ಆದ್ದರಿಂದ ಪಟ್ಟಿಗೆ ಬಂದ ಪ್ರತಿ ಪ್ರೋಟೀನಿನ ವಂಶವಾಹಿಯನ್ನೂ ನಿಮ್ಮ ಊರಿನ ಪರಾವಲಂಬಿಗಳಲ್ಲಿ ಓದಿ. ಫಿಲ್ಟರ್ ಕಾಗದದ ಒಣರಕ್ತವೇ ಅದಕ್ಕೂ ಸಾಕು. ವಾರ್ ಎಂಬ ವಂಶವಾಹಿ ಕುಟುಂಬದಂತೆ ಒಂದೇ ಪರಾವಲಂಬಿಯಲ್ಲಿ ಸುಮಾರು 60 ಪ್ರತಿಗಳಿದ್ದು ವೇಷ ಬದಲಿಸುವಂಥದ್ದಾದರೆ, ಬದಲಾಗದ ತುಂಡು ಎಲ್ಲಿದೆ ಎಂದು ಹುಡುಕದೆ ಮುಂದೆ ಹೆಜ್ಜೆಯಿಡಬೇಡಿ.

ಗಂಡಸರ ರಕ್ತವೇ ಹೋಲಿಕೆಗೆ ಒದಗಿದಾಗ

ಇಷ್ಟೆಲ್ಲ ಗೋಜಲಿನ ನಡುವೆ ಪ್ರಕೃತಿಯೇ ಚೊಕ್ಕವಾಗಿ ಬೇರ್ಪಡಿಸಿಕೊಟ್ಟ ಉದಾಹರಣೆ ಬಸಿರಿನ ಮಲೇರಿಯಾ. ಬಾಲ್ಯದಿಂದ ಮಲೇರಿಯಾ ಜೀರ್ಣಿಸಿಕೊಂಡ ಹೆಂಗಸು ಚೊಚ್ಚಲ ಬಸಿರಿನಲ್ಲಿ ಮತ್ತೆ ಕಾಯಿಲೆ ಬೀಳುತ್ತಾಳೆ, ಮಗು ತೂಕ ಕಡಿಮೆಯಾಗಿ ಹುಟ್ಟುತ್ತದೆ. ಮೂರನೆಯ, ನಾಲ್ಕನೆಯ ಬಸಿರಿಗೆ ಆ ತೊಂದರೆ ಬಹಳ ಇಳಿದಿರುತ್ತದೆ. 1996ರಲ್ಲಿ ಫ್ರೀಡ್ ಮತ್ತು ಡಫಿ ಕಾರಣ ತೋರಿಸಿದರು. ಮಾಸಿನಲ್ಲಿ (ಪ್ಲಾಸೆಂಟಾ) ತುಂಬಿಕೊಳ್ಳುವ ಸೋಂಕಿತ ಕಣಗಳು ಅಲ್ಲಿನ ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ಸಕ್ಕರೆ ಸರಪಳಿಗೆ ಅಂಟುತ್ತವೆ. ಅಂಟುವ ಕೈ ವಾರ್2ಸಿಎಸ್‌ಎ ಪ್ರೋಟೀನ್.

ಹೋಲಿಕೆಗೆ ಇದಕ್ಕಿಂತ ಒಳ್ಳೆಯದು ಸಿಗದು. ಅದೇ ಊರಿನ ಗಂಡಸರು ಹೆಂಗಸರಷ್ಟೇ ಕಚ್ಚಿಸಿಕೊಂಡವರು, ಆದರೆ ಮಾಸು ಇಲ್ಲದ್ದರಿಂದ ಈ ಪ್ರತಿಕಾಯ ಅವರಲ್ಲಿ ಇರಬಾರದು. ನಿಮ್ಮ ಎಲೈಜಾದಲ್ಲಿ ಗಂಡಸರೂ ಹೆಚ್ಚು ಬಣ್ಣ ಕೊಟ್ಟರೆ ಪ್ರೋಟೀನ್ ತುಣುಕು ತಪ್ಪು ಅಥವಾ ಅಶುದ್ಧ ಎಂದು ತಿಳಿಯಿರಿ. ಸೋಂಕಿತ ಕಣಗಳನ್ನು ಕಾಂಡ್ರಾಯ್ಟಿನ್ ಸಲ್ಫೇಟ್ ಎ ಬಳಿದ ತಟ್ಟೆಗೆ ಅಂಟಿಸಿ, ಪ್ಲಾಸ್ಮಾ ಹಾಕಿದಾಗ ಎಷ್ಟು ಬಿಡಿಸಿಕೊಳ್ಳುತ್ತವೆ ಎಂದೂ ಎಣಿಸಿ: ಬಹುಬಸಿರಿನವರ ಪ್ಲಾಸ್ಮಾ ತಡೆಯಬೇಕು, ಚೊಚ್ಚಲದವರದು ಕಡಿಮೆ ತಡೆಯಬೇಕು, ಗಂಡಸರದು ತಡೆಯಬಾರದು. ಪಾಮ್‌ವ್ಯಾಕ್ ಮತ್ತು ಪ್ರಿಮ್‌ವ್ಯಾಕ್ ಎಂಬ ಎರಡು ಲಸಿಕೆಗಳು ಈ ಪ್ರೋಟೀನಿನ ತುಣುಕಿನಿಂದಲೇ ಆಗಿ ಮಾನವ ಪ್ರಯೋಗದ ಮೊದಲ ಹಂತ ಕಂಡಿವೆ.

ಈ ದಾರಿಗೆ ಕಾಣದ ಗುರಿಗಳು

ಇಂದು ಮಕ್ಕಳಿಗೆ ಹಾಕುತ್ತಿರುವ ಎರಡು ಲಸಿಕೆಗಳು, 2021ರಲ್ಲಿ ಶಿಫಾರಸಾದ ಆರ್‌ಟಿಎಸ್,ಎಸ್ ಮತ್ತು 2023ರಲ್ಲಿ ಶಿಫಾರಸಾದ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21, ಎರಡೂ ಮೇಲಿನ ದಾರಿಯಿಂದ ಬಂದವಲ್ಲ. ಅವು ಸೊಳ್ಳೆಯಿಂದ ಬರುವ ಸ್ಪೋರೊಜಾಯ್ಟ್ ಹಂತದ ಸಿಎಸ್‌ಪಿ ಪ್ರೋಟೀನಿನವು. ವಿಕಿರಣದಿಂದ ನಿಶ್ಶಕ್ತಗೊಳಿಸಿದ ಸ್ಪೋರೊಜಾಯ್ಟ್ ಇಲಿಗಳನ್ನು ಕಾಪಾಡುತ್ತದೆಂದು 1967ರಲ್ಲಿ ಕಂಡದ್ದರ ಮೊಮ್ಮಕ್ಕಳು. ಸೊಳ್ಳೆ ಒಮ್ಮೆ ಕಚ್ಚಿದಾಗ ಒಳಹೋಗುವ ಸ್ಪೋರೊಜಾಯ್ಟ್ ಬಹಳ ಕಡಿಮೆ, ಅವು ಬೇಗ ಯಕೃತ್ತು ಸೇರಿಬಿಡುತ್ತವೆ. ದೇಹಕ್ಕೆ ಕಲಿಯಲು ಪುರುಸೊತ್ತಿಲ್ಲ.

ಆರ್‌ಎಚ್5 ಎಂಬ ಪರಾವಲಂಬಿ ಪ್ರೋಟೀನ್ ಕೂಡ ಹೀಗೆಯೇ. ಪರಾವಲಂಬಿ ಬೇಸಿಜಿನ್ ಎಂಬ ಬಾಗಿಲಿನಿಂದ ಕೆಂಪುಕಣ ಹೊಗಲು ಇದು ಬೇಕೇ ಬೇಕು ಎಂದು 2011ರಲ್ಲಿ ಗೊತ್ತಾಯಿತು. ತಳಿಯಿಂದ ತಳಿಗೆ ಹೆಚ್ಚು ಬದಲಾಗುವುದಿಲ್ಲ. ಆದರೆ ಸೋಂಕಿನಿಂದ ಇದಕ್ಕೆ ಹುಟ್ಟುವ ಪ್ರತಿಕಾಯ ಕಡಿಮೆ, ಚಿಪ್ಪಿನ ಮೇಲೆ ಮಂಕಾದ ಚುಕ್ಕಿ. ಮಾಲಿಯಲ್ಲಿ ಆ ಮಂಕು ಪ್ರತಿಕಾಯ ಇದ್ದವರಿಗೂ ಜ್ವರದ ಸಂಭವ ಕಡಿಮೆ ಇತ್ತು. ಬುರ್ಕಿನಾ ಫಾಸೊದಲ್ಲಿ ಮಕ್ಕಳಿಗೆ ಹಾಕಿದ ಆರ್‌ಎಚ್5.1 ಲಸಿಕೆ ಶೇ. 55ರಷ್ಟು ರಕ್ಷಣೆ ಕೊಟ್ಟಿದ್ದು 2024ರಲ್ಲಿ ಪ್ರಕಟವಾಯಿತು. ಪಟ್ಟಿಯನ್ನು ಪ್ರತಿಕಾಯದ ಪ್ರಮಾಣದ ಮೇಲೆ ಜೋಡಿಸಿ ಮೇಲಿನ ಇಪ್ಪತ್ತನ್ನು ಕತ್ತರಿಸಿಕೊಳ್ಳುವ ಅಭ್ಯಾಸ ಬಿಡಿ. ಕಡಿಮೆ ಇದ್ದೂ ರಕ್ಷಣೆಯೊಡನೆ ನಂಟಿರುವ ಪ್ರೋಟೀನಿಗೆ ಲಸಿಕೆಯಿಂದ ಎತ್ತರಿಸಲು ಜಾಗವಿದೆ. ಎಲ್ಲರಲ್ಲೂ ಈಗಾಗಲೇ ತುಂಬಿ ತುಳುಕುವುದನ್ನು ಇನ್ನೂ ಏರಿಸಿ ಸಿಗುವುದು ಕಡಿಮೆ.

ಮಂಗಳೂರಿನಲ್ಲಿ ಮಾಡುವುದಾದರೆ

ಮಂಗಳೂರಿನ ಮಲೇರಿಯಾ ಪಟ್ಟಣದ್ದು. ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆ ತಾರಸಿಯ ಟ್ಯಾಂಕಿನಲ್ಲೂ ಕಟ್ಟಡ ಕೆಲಸದ ನೀರಿನಲ್ಲೂ ಬೆಳೆಯುತ್ತದೆ, ಪ್ರಕರಣಗಳಲ್ಲಿ ಹೆಚ್ಚಿನ ಪಾಲು ಪ್ಲಾಸ್ಮೋಡಿಯಂ ವೈವಾಕ್ಸ್ ಎಂಬ ಇನ್ನೊಂದು ಜಾತಿಯ ಪರಾವಲಂಬಿಯದು. ವರ್ಷಕ್ಕೆ ಹಲವು ಸಲ ಸೋಂಕಾಗುವ ಪರಿಸ್ಥಿತಿ ಅಲ್ಲಿಲ್ಲ, ವಯಸ್ಕರೂ ಜ್ವರ ಬಂದೇ ಆಸ್ಪತ್ರೆಗೆ ಬರುತ್ತಾರೆ. ‘ಜ್ವರ ಬಾರದೆ ಉಳಿದವರು’ ಎಂಬ ಗುಂಪು ಕಟ್ಟಲು ಹೊರಟರೆ ಸಿಗುವುದು ಸೊಳ್ಳೆ ಕಚ್ಚದವರು. ಕಟ್ಟಡ ಕಾರ್ಮಿಕರಲ್ಲಿ ಒಡಿಶಾ, ಜಾರ್ಖಂಡ್‌ಗಳಿಂದ ಬಂದವರ ಹಿಂದಿನ ಸೋಂಕಿನ ಲೆಕ್ಕ ಬೇರೆಯೇ, ಹುಟ್ಟೂರು ಮತ್ತು ಬಂದ ವರ್ಷ ಕೇಳದೆ ಅವರ ಪ್ರತಿಕಾಯವನ್ನು ಸ್ಥಳೀಯರದರೊಡನೆ ಹೋಲಿಸುವಂತಿಲ್ಲ. ಇಲ್ಲಿಗೆ ಹೊಂದುವುದು ರೋಗಿಗಳನ್ನೇ ಹಿಂಬಾಲಿಸುವ ವಿನ್ಯಾಸ: ಮೊದಲ ಸಲದವರು, ಮರುಕಳಿಸಿದವರು, ತೀವ್ರವಾದವರು, ಸಾಧಾರಣದವರು. ಜ್ವರ ಬಂದ ದಿನ, 28ನೆಯ ದಿನ, ಆರು ತಿಂಗಳಿಗೆ ರಕ್ತ.

ವೈವಾಕ್ಸ್ ಎಳೆಯ ಕೆಂಪುಕಣಗಳನ್ನಷ್ಟೇ ಹೊಗುವುದರಿಂದ ಅದನ್ನು ಫಾಲ್ಸಿಪಾರಂನಂತೆ ತಿಂಗಳುಗಟ್ಟಲೆ ಬೆಳೆಸಲಾಗುವುದಿಲ್ಲ. ತಡೆ ಪರೀಕ್ಷೆ ಬೇಕಾದರೆ ರೋಗಿಯ ತಾಜಾ ರಕ್ತದಲ್ಲೇ ಮಾಡಬೇಕು. ಮಾತ್ರೆ ಕೊಡುವ ಮುಂಚೆ ತೆಗೆದ ರಕ್ತವನ್ನು ಕೆಲವೇ ಗಂಟೆಯೊಳಗೆ ಸೆಲ್ಯುಲೋಸ್ ಕಂಬದಲ್ಲಿ ಹಾಯಿಸಿ ಬಿಳಿಕಣ ತೆಗೆದು, ಒಂದೇ ಸುತ್ತು ಬೆಳೆಸಿ ಎಣಿಸಿ. ರಕ್ತ ತೆಗೆಯಲೆಂದು ಚಿಕಿತ್ಸೆ ಒಂದು ನಿಮಿಷವೂ ತಡವಾಗಬಾರದು. ಸೂಜಿ ಮತ್ತು ಕೊಳವೆ ಮೊದಲೇ ಸಿದ್ಧವಿರಲಿ, ಮಾತ್ರೆ ಮತ್ತು ನೀರಿನ ಲೋಟ ಅವುಗಳ ಪಕ್ಕದಲ್ಲೇ ಇರಲಿ.